ತೊಗರಿ ರೈತರ ಸರ್ವೆಗೆ 50 ಮಂದಿ ಸಾಕೇ?

ಪ್ರಶ್ನೆ: ನಾನು ಎಂ.ಎ. ಅರ್ಥಶಾಸ್ತ್ರ ನಾಲ್ಕನೇ ಸೆಮಿಸ್ಟರ್ ವಿದ್ಯಾರ್ಥಿನಿ. ಸೇಡಂ ತಾಲ್ಲೂಕಿನ ಒಂದು ಊರಿನ ತೊಗರಿ ಬೆಳೆಗಾರರ ಸಾಲದ ಮೇಲೆ ಪ್ರಾಜೆಕ್ಟ್ ಮಾಡಾಕತ್ತೀನಿ. ಗೈಡ್ 50 ಮಂದಿ ಸಾಕು ಅಂತಾರ, ಸೀನಿಯರ್‌ಗಳು 100 ಇರಲಿ ಅಂತಾರ, ಪುಸ್ತಕದಾಗ 384 ಅಂತ ಐತಿ. ಯಾವುದು ಖರೆ?

ಉತ್ತರ: ಮೊದಲು 384 ಎಲ್ಲಿಂದ ಬಂತು ಅನ್ನುವುದನ್ನು ನೋಡೋಣ. 1.96ರ ವರ್ಗವನ್ನು 0.5 ಮತ್ತು 0.5ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 384 ಬರುತ್ತದೆ. ಇದು ಲಕ್ಷಗಟ್ಟಲೆ ಜನರಿಂದ ಲಾಟರಿಯಂತೆ ಆರಿಸುವಾಗ ಬೇಕಾಗುವ ಸಂಖ್ಯೆ. 95 ಶೇಕಡಾ ಭರವಸೆಯಿಂದ, ಆಚೀಚೆ 5 ಶೇಕಡಾ ಅಂಶದೊಳಗೆ ಉತ್ತರ ಬೇಕೆಂದರೆ ಇಷ್ಟು ಜನ ಬೇಕು. ನಿಮ್ಮದು ಜಿಲ್ಲೆಯಲ್ಲ, ಒಂದು ಊರು. ಅಲ್ಲಿ ತೊಗರಿ ಬಿತ್ತುವ 400 ಕುಟುಂಬಗಳಿವೆ ಎಂದಿಟ್ಟುಕೊಳ್ಳಿ. 384 ಅಂದರೆ ಹೆಚ್ಚುಕಡಿಮೆ ಇಡೀ ಊರೇ ಆಯಿತು.

ಸಣ್ಣ ಊರಿಗೆ ಯಮಾನೆ ಸೂತ್ರ ಬಳಸುತ್ತಾರೆ. ಒಟ್ಟು ಕುಟುಂಬಗಳನ್ನು, ಒಂದಕ್ಕೆ ಒಟ್ಟು ಕುಟುಂಬ ಗುಣಿಸು ತಪ್ಪಿನ ವರ್ಗವನ್ನು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕು. 5 ಅಂಶದ ತಪ್ಪು (0.05) ಒಪ್ಪಿದರೆ 400 ಭಾಗಿಸು 2, ಅಂದರೆ 200 ಕುಟುಂಬ. 10 ಅಂಶ ಒಪ್ಪಿದರೆ 400 ಭಾಗಿಸು 5, ಅಂದರೆ 80. ತಪ್ಪನ್ನು ಅರ್ಧಕ್ಕೆ ಇಳಿಸಲು ಎರಡೂವರೆ ಪಟ್ಟು ದುಡಿಯಬೇಕು. ಒಬ್ಬರೇ ಓಡಾಡಿ ಮಾಡುವ ಎಂ.ಎ. ಪ್ರಾಜೆಕ್ಟ್‌ಗೆ 80 ಹದವಾದ ಸಂಖ್ಯೆ. ಒಂದು ಮನೆಗೆ 30–35 ನಿಮಿಷ ಹಿಡಿಯುತ್ತದೆ. ಜನ ಹೊಲಕ್ಕೆ ಹೋಗುವ ಮುಂಚಿನ ಮುಂಜಾನೆ, ತಿರುಗಿ ಬರುವ ಸಂಜೆ, ಈ ಎರಡೇ ಹೊತ್ತು ಕೈಗೆ ಸಿಗುವುದರಿಂದ ದಿನಕ್ಕೆ 6–7 ಮನೆ ಆದರೆ ದೊಡ್ಡದು. ಅಂದರೆ 12ರಿಂದ 14 ದಿನದ ಕೆಲಸ.

ಗೈಡ್ ಹೇಳಿದ 50 ಪೂರ್ತಿ ತಪ್ಪಲ್ಲ. ಆದರೆ ಈ ಊರಲ್ಲಿ 50 ಮನೆಯ ಉತ್ತರಕ್ಕೆ ಆಚೀಚೆ ಸುಮಾರು 13 ಅಂಶದ ತಪ್ಪು ಅಂಟಿಕೊಂಡಿರುತ್ತದೆ. ಶೇ. 60 ಮಂದಿ ಅಡತ್ (ದಲ್ಲಾಳಿ) ಅಂಗಡಿಯಿಂದ ಸಾಲ ಪಡೆದಿದ್ದಾರೆ ಎಂದು ನಿಮ್ಮ ಲೆಕ್ಕ ಹೇಳಿದರೆ, ನಿಜ ಸಂಖ್ಯೆ 47ರಿಂದ 73ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 'ಬಹುಪಾಲು ರೈತರು' ಎಂದು ಬರೆಯಲೂ ಧೈರ್ಯ ಸಾಲದು. ಇನ್ನೂ ದೊಡ್ಡ ತೊಂದರೆ ಈ 50ನ್ನು ಸಣ್ಣ, ಮಧ್ಯಮ, ದೊಡ್ಡ ರೈತರೆಂದು ಒಡೆದಾಗ ಎದುರಾಗುತ್ತದೆ. ದೊಡ್ಡ ರೈತರು 6 ಮಂದಿ ಮಾತ್ರ ಉಳಿದರೆ, 'ಶೇ. 16.67 ದೊಡ್ಡ ರೈತರು' ಅಂದರೆ ಒಬ್ಬನೇ ಒಬ್ಬ ಮನುಷ್ಯ. ಎರಡು ಸಂಗತಿಗಳ ನಡುವೆ ನಂಟಿದೆಯೇ ಎಂದು ನೋಡುವ ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆಗೆ ಕೋಷ್ಟಕದ ಪ್ರತಿ ಕೋಣೆಯಲ್ಲೂ ನಿರೀಕ್ಷಿತ ಸಂಖ್ಯೆ ಸಾಮಾನ್ಯವಾಗಿ 5ಕ್ಕಿಂತ ಕಡಿಮೆ ಇರಬಾರದು. 50 ಮಂದಿಯ ಕೋಷ್ಟಕ ಮುರಿದು ಬೀಳುವುದು ಅಲ್ಲೇ.

ಸಂಖ್ಯೆಯ ಮಾತು ಇಷ್ಟು. ಪ್ರಾಜೆಕ್ಟ್ ಕೆಡುವುದು ಹೆಚ್ಚಾಗಿ ಬೇರೆ ಕಡೆ.

ಆರಿಸಲು ಒಂದು ಪಟ್ಟಿ ಬೇಕು. 2011ರ ಜನಗಣತಿಯ ಮನೆಗಳ ಸಂಖ್ಯೆ ಹಳೆಯದಾಯಿತು. ಪಹಣಿ ಹಿಡಿದರೆ ಇನ್ನೊಂದು ತೊಡಕು: ಎಷ್ಟೋ ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ, ಲಾವಣಿಗೋ (ಗುತ್ತಿಗೆಗೋ) ಪಾಲಿಗೋ ಹೊಲ ಮಾಡುವವರ ಹೆಸರಂತೂ ಅಲ್ಲಿ ಸಿಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯ ಕುಟುಂಬ ಸಮೀಕ್ಷೆ ವಹಿ ಇದ್ದುದರಲ್ಲೇ ತಾಜಾ ಪಟ್ಟಿ. ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಮೊದಲು ಪಿಡಿಒ ಅವರನ್ನು ಕಾಣಿರಿ, ಆಮೇಲೆ ಅಂಗನವಾಡಿಗೆ ಹೋಗಿರಿ. ಆ ಪಟ್ಟಿ ಹಿಡಿದು ಎರಡು ದಿನ ಊರು ಸುತ್ತಿ, ಹೋದ ಮುಂಗಾರಿಗೆ ತೊಗರಿ ಬಿತ್ತಿದವರನ್ನು ಗುರುತು ಹಾಕಿಕೊಳ್ಳಿ. ತಾಂಡಾ ಬಿಡಬೇಡಿ. ಒಂದೇ ಪಂಚಾಯಿತಿಯಲ್ಲಿದ್ದರೂ ಎರಡು ಮೂರು ಕಿಲೋಮೀಟರ್ ದೂರ ಇರುತ್ತದೆಂದು ಬಿಟ್ಟರೆ, ಪ್ರಾಜೆಕ್ಟ್‌ನಲ್ಲಿ ಇಡೀ ಲಂಬಾಣಿ ಸಮುದಾಯವೇ ಇಲ್ಲವಾಗುತ್ತದೆ.

ಪಟ್ಟಿಯಲ್ಲಿ ಮೊದಲು ಊರು, ಕೆಳಗೆ ತಾಂಡಾ ಬರೆದು 1ರಿಂದ 400 ಸಂಖ್ಯೆ ಕೊಡಿ. 400ರಲ್ಲಿ 80 ಅಂದರೆ ಐದಕ್ಕೊಂದು. 1ರಿಂದ 5 ಬರೆದ ಚೀಟಿಗಳಲ್ಲಿ ಒಂದನ್ನು ಎತ್ತಿ. 3 ಬಂದರೆ 3, 8, 13 ಹೀಗೆ 398ರವರೆಗೆ. ಊರಲ್ಲಿ 300, ತಾಂಡಾದಲ್ಲಿ 100 ಕುಟುಂಬ ಇದ್ದರೆ 60 ಮತ್ತು 20 ತಾನಾಗಿಯೇ ಬರುತ್ತದೆ. ಕಟ್ಟೆಯ ಮೇಲೆ ಕೂತವರನ್ನು ಮಾತಾಡಿಸಿ 80 ತುಂಬಿಸಿದರೆ ಮೇಲಿನ ಸೂತ್ರ ಯಾವುದೂ ಅನ್ವಯಿಸದು. ಗೂಗಲ್ ಫಾರ್ಮನ್ನು ವಾಟ್ಸ್ಆ್ಯಪ್‌ನಲ್ಲಿ ಹರಿಬಿಟ್ಟರೂ ಅಷ್ಟೇ: ಬರುವುದು ಸ್ಮಾರ್ಟ್‌ಫೋನ್ ಇರುವ, ನಿಮ್ಮ ಪರಿಚಯದವರ ಉತ್ತರ.

ಈಗ ಬೀಗ ಹಾಕಿದ ಮನೆಯ ವಿಷಯ. ಈ ಭಾಗದಲ್ಲಿ ಸರ್ವೆ ಮಾಡುವ ಪ್ರತಿಯೊಬ್ಬರೂ ಇದನ್ನು ಗಮನವಿಟ್ಟು ಓದಬೇಕು. ತೊಗರಿ ರಾಶಿ ಡಿಸೆಂಬರ್, ಜನವರಿಯಲ್ಲಿ ಆಗುತ್ತದೆ. ಆಮೇಲೆ ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಪ್ರಾಜೆಕ್ಟ್ ಸರ್ವೆ ನಡೆಯುವುದು ಸಾಮಾನ್ಯವಾಗಿ ಮಾರ್ಚ್‌ನಿಂದ ಮೇವರೆಗೆ, ಸರಿಯಾಗಿ ಅದೇ ಹೊತ್ತಿಗೆ. 43ನೇ ಮನೆಗೆ ಬೀಗ ಇದೆ, ಪಕ್ಕದ 44 ತೆರೆದಿದೆ, ಅವರನ್ನೇ ಕೇಳಿದರಾಯಿತು ಅನ್ನಿಸುತ್ತದೆ. ಆದರೆ ಬೀಗ ಹಾಕಿ ಹೋದವರಲ್ಲಿ ದುಡಿಮೆಗೆಂದು ಮೊದಲೇ ಪಡೆದ ಮುಂಗಡ ತೀರಿಸಲು, ಸಾಲ ಕಟ್ಟಲು ಹೋದವರು ಹೆಚ್ಚು ಇರಬಹುದು. ಸಾಲದ ಅಧ್ಯಯನದಿಂದ ಸಾಲಗಾರರನ್ನೇ ತೆಗೆದುಹಾಕಿ, ಊರಲ್ಲಿ ಉಳಿಯಲು ತ್ರಾಣವಿದ್ದವರನ್ನು ತುಂಬಿಸಿದಂತಾಗುತ್ತದೆ. ಇಂಥ 80ಕ್ಕಿಂತ ಬದಲಿ ಹಾಕದ 65 ಮೇಲು.

ಹಾಗಾಗಿ ಬದಲಿ ಮನೆ ಬೇಡ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಿ ನೋಡಿ. ಪೂರ್ತಿ ಗುಳೆ ಹೋಗಿದ್ದರೆ ನೆರೆಯವರಿಗೆ ನಿಮ್ಮ ನಂಬರ್ ಕೊಟ್ಟು, ಅವರ ಮೂಲಕವೇ ಒಪ್ಪಿಗೆ ಕೇಳಿಸಿ ಫೋನಿನಲ್ಲಿ ಮಾತಾಡಿ. ಫೋನಿಗೆ ಐದೇ ಪ್ರಶ್ನೆ ಸಾಕು: ಹೊಲ ಎಷ್ಟು, ತೊಗರಿ ಎಷ್ಟು ಬಂತು, ಸಾಲ ಯಾರ ಕಡೆ, ಯಾವ ತಿಂಗಳು ಊರು ಬಿಟ್ಟಿರಿ, ಮುಂಗಡ ತಗೊಂಡಿದ್ದಿರಾ. ಊರ ಜಾತ್ರೆ ಯಾವಾಗ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಹೊರಗೆ ದುಡಿಯುವವರು ಆಗ ಎರಡು ದಿನಕ್ಕಾದರೂ ಬರುತ್ತಾರೆ. ಎಷ್ಟು ಮಾಡಿದರೂ ಸಿಗದವರನ್ನು ಸಿಗಲಿಲ್ಲ ಎಂದೇ ಬರೆಯಿರಿ.

ಪ್ರಶ್ನೆಗಳ ಬಗ್ಗೆ. 'ನಿಮ್ಮ ವಾರ್ಷಿಕ ಆದಾಯ ಎಷ್ಟು?' ಎಂದು ಕೇಳಬೇಡಿ. ರೇಷನ್ ಕಾರ್ಡ್ ರದ್ದಾದೀತೆಂಬ ಭಯದಲ್ಲಿ ಬರುವ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. 'ಹೋದ ಸಲ ತೊಗರಿ ಎಷ್ಟು ಚೀಲ ಬಂತ್ರೀ? ಚೀಲ ಎಷ್ಟು ಕಿಲೋದು? ಯಾವ ರೇಟಿಗೆ ಹೋಯ್ತು?' ಎಂದು ಬಿಡಿಬಿಡಿಯಾಗಿ ಕೇಳಿ, ಕೂಡಿಸುವ ಕೆಲಸ ನೀವೇ ಮಾಡಿ. ಸಾಲವನ್ನೂ ಹಾಗೆಯೇ: ಸೊಸೈಟಿ, ಬ್ಯಾಂಕ್, ಅಡತ್, ಬಂಗಾರದ ಮೇಲಿನದು, ಸಂಘದ್ದು, ಫೈನಾನ್ಸ್‌ನದು ಎಂದು ಒಂದೊಂದೇ ಹೆಸರು ಹೇಳಿ ಕೇಳಬೇಕು. ಮನೆಯ ಗಂಡಸನ್ನು ಮಾತ್ರ ಕೇಳಿದರೆ ಹೆಂಗಸರ ಹೆಸರಿನಲ್ಲಿರುವ ಕಿರುಸಾಲ ಲೆಕ್ಕಕ್ಕೇ ಬರುವುದಿಲ್ಲ. ಆ ಸಾಲದ ವಸೂಲಿ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನನ್ನೇ ತರಬೇಕಾಯಿತು. ಅಷ್ಟು ದೊಡ್ಡ ಸಂಗತಿ ನಿಮ್ಮ ಕೋಷ್ಟಕದಲ್ಲಿ ಸೊನ್ನೆಯಾಗಬಾರದು. ಗೃಹಿಣಿಯರನ್ನು ಬೇರೆಯಾಗಿ, ಅಡುಗೆ ಮನೆಯ ಬಾಗಿಲಲ್ಲಿ ಕೂತಾದರೂ ಕೇಳಿ. ಆಧಾರ್, ಖಾತೆ ಸಂಖ್ಯೆ ಮಾತ್ರ ಬರೆದುಕೊಳ್ಳಲೇಬೇಡಿ.

ಎರಡು ಲೆಕ್ಕದ ತಪ್ಪು ಬಹಳ ಆಗುತ್ತದೆ. ಪಹಣಿಯಲ್ಲಿ 2-20 ಎಂದಿದ್ದರೆ ಅದು 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಎಕ್ಸೆಲ್‌ನಲ್ಲಿ 2.5 ಎಂದು ತುಂಬಬೇಕು, 2.20 ಎಂದು ತುಂಬಿದರೆ ಎಕರೆವಾರು ಇಳುವರಿ ಸುಳ್ಳಾಗುತ್ತದೆ. ಇನ್ನೊಂದು ಬಡ್ಡಿ. ಊರಲ್ಲಿ '2 ರೂಪಾಯಿ ಬಡ್ಡಿ' ಅಂದರೆ ನೂರಕ್ಕೆ ತಿಂಗಳಿಗೆ 2 ರೂಪಾಯಿ, ವರ್ಷಕ್ಕೆ ಶೇ. 24. ಬ್ಯಾಂಕಿನ ಬಡ್ಡಿ ವರ್ಷದ್ದು. ಎರಡನ್ನೂ ಒಂದೇ ಕಾಲಂನಲ್ಲಿ ಹಾಕಿದರೆ ಖಾಸಗಿ ಸಾಲವೇ ಅಗ್ಗ ಎಂದು ಬಂದುಬಿಡುತ್ತದೆ.

ಆರಿಸಿದ 80ರಲ್ಲಿ ಇಲ್ಲದ 8–10 ಮನೆಗಳಲ್ಲಿ ಮೊದಲು ಪ್ರಶ್ನಾವಳಿ ಪರೀಕ್ಷಿಸಿ ನೋಡಿ. ಸೇಡಂ ಕಡೆ ತೆಲುಗು, ಉರ್ದು ಮಾತಾಡುವ ಮನೆಗಳೂ ಇರುವುದರಿಂದ ಆ ಭಾಷೆ ಬರುವ ಸಹಪಾಠಿಯೊಬ್ಬರು ಜೊತೆಗಿರಲಿ. ದಿನ ಉಳಿದಿಲ್ಲವೆಂದು ಹಾಸ್ಟೆಲ್‌ನಲ್ಲಿ ಕೂತು ಫಾರ್ಮ್ ತುಂಬುವ ಯೋಚನೆ ಖಂಡಿತ ಬೇಡ. ನಿಜವಾದ ಸರ್ವೆಯಲ್ಲಿ 'ಗೊತ್ತಿಲ್ಲ' ಇರುತ್ತದೆ, ಖಾಲಿ ಜಾಗ ಇರುತ್ತದೆ, ಒಂದಕ್ಕೊಂದು ಹೊಂದದ ಉತ್ತರ ಇರುತ್ತದೆ. ಅವೊಂದೂ ಇಲ್ಲದ 80 ಫಾರ್ಮ್ ಕಂಡರೆ ಅನುಭವವಿರುವ ಪರೀಕ್ಷಕರು ಮೌಖಿಕದಲ್ಲಿ ಅದನ್ನೇ ಹಿಡಿದು ಕೇಳುತ್ತಾರೆ. ಹೊತ್ತು ನಿಜಕ್ಕೂ ಇಲ್ಲದಿದ್ದರೆ ಗೈಡ್ ಜೊತೆ ಮಾತಾಡಿ ಪ್ರಶ್ನೆಯನ್ನೇ ಬದಲಿಸಿ. 'ಎಷ್ಟು ಮಂದಿ' ಬಿಟ್ಟು 'ಅಡತ್ ಸಾಲ ಯಾಕೆ ಬಿಡಲಾಗುತ್ತಿಲ್ಲ' ಎಂದು ಕೇಳಿದರೆ, 15–20 ಕುಟುಂಬಗಳೊಡನೆ ಕೂತು ಆಳವಾಗಿ ಮಾತಾಡಿದರೂ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಅಲ್ಲಿ ಶೇಕಡಾವಾರು ಮಾತ್ರ ಬರೆಯಬೇಡಿ.

ವಿಧಾನದ ಅಧ್ಯಾಯದಲ್ಲಿ ಹೀಗೆ ಬರೆಯಬಹುದು: 'ತೊಗರಿ ಬೆಳೆಯುವ 400 ಕುಟುಂಬಗಳಿಂದ ಐದಕ್ಕೊಂದರಂತೆ 80ನ್ನು ಆರಿಸಲಾಯಿತು. 67 ಕುಟುಂಬಗಳು ಉತ್ತರಿಸಿದವು, ಅವುಗಳಲ್ಲಿ 6 ಫೋನಿನ ಮೂಲಕ. 9 ಕುಟುಂಬಗಳು ಗುಳೆ ಹೋಗಿ ಸಂಪರ್ಕಕ್ಕೆ ಸಿಗಲಿಲ್ಲ, 4 ಒಪ್ಪಲಿಲ್ಲ. ಪ್ರತಿಕ್ರಿಯೆ ಶೇ. 84.' ಸಂಖ್ಯೆಗಳು ನಿಮ್ಮವೇ ಇರಲಿ. ಅನುಬಂಧದಲ್ಲಿ ಪ್ರಶ್ನಾವಳಿ ಕೊಡುವಾಗ, ಊರಲ್ಲಿ ಕೇಳಿದ ಮಾತಿನಲ್ಲೇ ಅಚ್ಚು ಹಾಕಿ.