ಜೋಡಿ ರೌಟರ್‌ಗಳಿಗೆ ಪ್ರತ್ಯೇಕ ದಾರಿ ಬೇಕು

ವರ್ಚುವಲ್ ರೌಟರ್ ಎಂದರೆ ಸರ್ವರ್‌ನೊಳಗೆ ಓಡುವ ಸಾಫ್ಟ್‌ವೇರ್. ಲಿನಕ್ಸ್ ಮೇಲೆ ಕಟ್ಟಿದ ವೈಓಎಸ್ ಅಂಥದ್ದೊಂದು. ಒಂದು ಕೆಟ್ಟರೂ ಕೆಲಸ ನಿಲ್ಲಬಾರದೆಂದು ಎರಡನ್ನು ಜೋಡಿಯಾಗಿ, ಬೇರೆ ಬೇರೆ ಸರ್ವರ್‌ಗಳ ಮೇಲೆ ಇಡುತ್ತಾರೆ. (ಎರಡೂ ಒಂದೇ ಸರ್ವರ್ ಮೇಲಿದ್ದರೆ ಜೋಡಿ ಬರೀ ಹೆಸರಿಗೆ.) ಒಂದರ ವಿಳಾಸ 10.10.0.2, ಇನ್ನೊಂದರದು 10.10.0.3 ಎಂದಿಟ್ಟುಕೊಳ್ಳಿ. ಕಚೇರಿಯ ಕಂಪ್ಯೂಟರ್‌ಗಳಿಗೆ ಗೇಟ್‌ವೇ ಎಂದು ಕೊಡುವುದು ಮಾತ್ರ 10.10.0.1. ಅದು ಯಾವ ರೌಟರ್‌ನ ಸ್ವಂತದ್ದೂ ಅಲ್ಲ, ಆ ಹೊತ್ತಿಗೆ ಮಾಸ್ಟರ್, ಅಂದರೆ ಕೆಲಸ ಮಾಡುತ್ತಿರುವ ರೌಟರ್, ಆಗಿರುವುದರ ಬಳಿ ಇರುತ್ತದೆ. ಕಾಯುತ್ತಿರುವ ಇನ್ನೊಂದು ಬ್ಯಾಕಪ್. ಈ ಸರದಿಯನ್ನು ನಿರ್ಧರಿಸುವ ವಿಆರ್‌ಆರ್‌ಪಿ ಎಂಬ ನಿಯಮದಂತೆ ಮಾಸ್ಟರ್ ಸೆಕೆಂಡಿಗೊಮ್ಮೆ ತಾನಿದ್ದೇನೆಂದು ಸಾರುತ್ತದೆ. 100 ಆದ್ಯತೆಯ ಬ್ಯಾಕಪ್‌ಗೆ ಸುಮಾರು 3.6 ಸೆಕೆಂಡ್ ಅದು ಕೇಳಿಸದಿದ್ದರೆ ತಾನೇ ಮಾಸ್ಟರ್ ಆಗುತ್ತದೆ.

ಬಳಕೆದಾರರಿಗೆ ಇದರಿಂದ ಅನುಕೂಲ, ನಿರ್ವಾಹಕರಿಗೆ ತಲೆನೋವು. 10.10.0.1ಕ್ಕೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದರೆ ಸಿಗುವುದು ಮಾಸ್ಟರ್ ಮಾತ್ರ. ಅಲ್ಲಿ ಸೇರಿಸಿದ ಫೈರ್‌ವಾಲ್ ನಿಯಮ ಬ್ಯಾಕಪ್‌ಗೆ ತಾನಾಗಿ ಹೋಗುವುದಿಲ್ಲ. ಬ್ಯಾಕಪ್‌ನ ಡಿಸ್ಕ್ ತುಂಬಿದ್ದರೂ ಗೊತ್ತಾಗುವುದು ಅದರ ಸರದಿ ಬಂದ ದಿನವೇ. ಪಾತ್ರ ಬದಲಾದಾಗ ಹೋಸ್ಟ್ ಕೀ, ಅಂದರೆ ರೌಟರ್‌ನ ಗುರುತಿನ ಕೀ, ಬೇರೆಯಾಗಿದೆ ಎಂಬ ಎಚ್ಚರಿಕೆಯೂ ಬರುತ್ತದೆ. ಅದನ್ನು ತಪ್ಪಿಸಲು ಎರಡಕ್ಕೂ ಒಂದೇ ಕೀ ಹಾಕುವವರಿದ್ದಾರೆ. ರೌಟರ್ ಓಡುವ ವಿಎಂ (ವರ್ಚುವಲ್ ಯಂತ್ರ) ಅನ್ನು ಕ್ಲೋನ್ ಮಾಡಿದರೆ ಕೇಳದೆಯೇ ಹಾಗಾಗುತ್ತದೆ. ಆಮೇಲೆ ನಾವು ಯಾವ ರೌಟರ್‌ನೊಳಗೆ ಕೂತು ಟೈಪ್ ಮಾಡುತ್ತಿದ್ದೇವೆಂದೇ ತಿಳಿಯದು. ಕ್ಲೋನ್ ಮಾಡಿದ ಕೂಡಲೇ ಹೊಸ ಕೀ, ಹೊಸ ಹೋಸ್ಟ್‌ನೇಮ್ ಕೊಡಬೇಕು.

ಹಾಗಾದರೆ ನೇರ 10.10.0.3ಕ್ಕೇ ಹೋದರಾಯಿತಲ್ಲ? ಕಚೇರಿಯೊಳಗಿಂದ ಆದೀತು. ಮನೆಯಿಂದ, ಮಾಸ್ಟರ್‌ನಲ್ಲಿ ಕೊನೆಗೊಳ್ಳುವ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸುರಂಗ) ಮೂಲಕ ಬಂದವರಿಗೆ 10.8.0.5 ಎಂಬಂಥ ವಿಳಾಸ ಸಿಕ್ಕಿರುತ್ತದೆ. ಕೋರಿಕೆ ಬ್ಯಾಕಪ್‌ಗೆ ತಲುಪುತ್ತದೆ. ಆದರೆ 10.8.0.5 ಎಲ್ಲಿದೆಯೆಂದು ಅದಕ್ಕೆ ತಿಳಿಯದು, ಉತ್ತರವನ್ನು ತನ್ನ ಇಂಟರ್ನೆಟ್ ಕಡೆಗೆ ತಳ್ಳುತ್ತದೆ. ಖಾಸಗಿ ವಿಳಾಸದ ಪ್ಯಾಕೆಟ್ ಅಲ್ಲೇ ಸಾಯುತ್ತದೆ. ಪಿಂಗ್ ಕೂಡ ಇಲ್ಲ. ರೌಟರ್ ಸತ್ತಿದೆ ಎಂದುಕೊಂಡು ರೀಸ್ಟಾರ್ಟ್ ಮಾಡಿದರೂ ಫಲವಿಲ್ಲ.

ಪರಿಹಾರವೆಂದರೆ ಇಬ್ಬರಿಗೂ ಇನ್ನೊಂದು ನೆಟ್‌ವರ್ಕ್ ಕಾರ್ಡ್, ಬೇರೆ ಜಾಲ: 192.168.99.11 ಮತ್ತು 192.168.99.12. ಈ ಜಾಲದಲ್ಲಿ ವಿಆರ್‌ಆರ್‌ಪಿ ಬೇಡ. ಕಾರ್ಡನ್ನು ವಿಆರ್‌ಎಫ್‌ಗೆ, ಅಂದರೆ ತನ್ನದೇ ರೂಟಿಂಗ್ ಪಟ್ಟಿಯಿರುವ ಪ್ರತ್ಯೇಕ ಅಂಕಣಕ್ಕೆ ಸೇರಿಸಿ, ಅದರೊಳಗೆ 192.168.99.1 ಕಡೆಗೆ ಡಿಫಾಲ್ಟ್ ದಾರಿ ಕೊಡಬೇಕು. ಆ 99.1 ಇದೇ ಜೋಡಿಯ ಮೇಲಿದ್ದರೆ ಎಲ್ಲ ವ್ಯರ್ಥ: ಜೋಡಿ ಕೆಟ್ಟಾಗ ರಿಪೇರಿಯ ದಾರಿಯೂ ಕೆಡುತ್ತದೆ. ಎಸ್‌ಎಸ್‌ಎಚ್ ಸೇವೆಗೂ ಅದೇ ವಿಆರ್‌ಎಫ್ ತೋರಿಸಬೇಕು. ಬಹಳ ಮಂದಿ ಮರೆಯುವುದು ಇದನ್ನೇ. ಕಾರ್ಡ್ ಸರಿ, ದಾರಿ ಸರಿ, ಆದರೂ ಲಾಗಿನ್ ಇಲ್ಲ. ಜೊತೆಗೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಪಬ್ಲಿಕ್ ಕೀ ಮಾತ್ರ ಉಳಿಸುವುದು ಒಳ್ಳೆಯದು, ಆದರೆ ಕೀ ಕೆಲಸ ಮಾಡುತ್ತದೆಂದು ಇನ್ನೊಂದು ಕಿಟಕಿಯಲ್ಲಿ ನೋಡಿದ ಮೇಲೆ.

ಮೊದಲು ಬ್ಯಾಕಪ್‌ನಲ್ಲಿ, ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್) ಕನ್ಸೋಲ್ ತೆರೆದಿಟ್ಟುಕೊಂಡು ಮಾಡಿ. ಬದಲಾವಣೆ ಜಾರಿಗೆ ತರಲು ಬರೀ ಕಮಿಟ್ ಬೇಡ, ಕಮಿಟ್-ಕನ್ಫರ್ಮ್ ಬಳಸಿ. ಅದರ ಗಡುವು ಸಾಮಾನ್ಯವಾಗಿ 10 ನಿಮಿಷ. ಅಷ್ಟರಲ್ಲಿ ಕನ್ಫರ್ಮ್ ಎನ್ನದಿದ್ದರೆ 1.4 ಆವೃತ್ತಿಯ ವೈಓಎಸ್ ರೀಬೂಟ್ ಆಗಿ, ಕೊನೆಗೆ ಸೇವ್ ಮಾಡಿದ ಸ್ಥಿತಿಗೆ ಮರಳುತ್ತದೆ. ಹಾಗಾಗಿ ಕನ್ಫರ್ಮ್‌ಗೆ ಮುಂಚೆ ಸೇವ್ ಒತ್ತಿದರೆ ತಪ್ಪೇ ಶಾಶ್ವತವಾಗುತ್ತದೆ. ಬ್ಯಾಕಪ್ ರೀಬೂಟ್ ಆದರೆ ಕಚೇರಿಯಲ್ಲಿ ಯಾರಿಗೂ ತಿಳಿಯದು. ಮಾಸ್ಟರ್ ರೀಬೂಟ್ ಆದರೆ ಎಲ್ಲರಿಗೂ ತಿಳಿಯುತ್ತದೆ. ಬ್ಯಾಕಪ್‌ನಲ್ಲಿ ಎಲ್ಲ ಸರಿಯಿದ್ದರೆ ಮಾತ್ರ ಇನ್ನೊಂದನ್ನು ಮುಟ್ಟಿ.

ಮಾನಿಟರಿಂಗ್‌ನಲ್ಲಿ .11 ಮತ್ತು .12 ಎರಡರ 22ನೇ ಪೋರ್ಟ್ (ಎಸ್‌ಎಸ್‌ಎಚ್‌ನದು) ನೋಡಿ, ಪ್ರತಿಯೊಂದರ ವಿಆರ್‌ಆರ್‌ಪಿ ಸ್ಥಿತಿಯನ್ನೂ ಕೇಳಿ. ಇಬ್ಬರೂ ಮಾಸ್ಟರ್ ಎಂದರೆ, ಒಬ್ಬರ ದನಿ ಇನ್ನೊಬ್ಬರಿಗೆ ತಲುಪುತ್ತಿಲ್ಲ. 224.0.0.18ಕ್ಕೆ ಹೋಗುವ 112ನೇ ಐಪಿ ಪ್ರೋಟೊಕಾಲ್ ಅನ್ನು ಯಾವುದೋ ಫೈರ್‌ವಾಲ್ ತಡೆದಿದೆಯೇ ಎಂದು ಮೊದಲು ಹುಡುಕಿ.