ಬ್ರೌಸರ್ ನಂಬಿದ್ದನ್ನು ಜಾವಾ ಯಾಕೆ ನಂಬುವುದಿಲ್ಲ?

ಬ್ರೌಸರಿನಲ್ಲಿ ಸೈಟ್ ಸಲೀಸಾಗಿ ತೆರೆದುಕೊಳ್ಳುತ್ತದೆ. ಅದೇ ವಿಳಾಸಕ್ಕೆ ಜಾವಾ ಪ್ರೋಗ್ರಾಂ ಹೋದರೆ ‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’ ಎಂದು ನಿಂತುಬಿಡುತ್ತದೆ. ಸೈಟ್ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟಿಗೆ ಸಹಿ ಹಾಕಿದವರು ಯಾರು, ಅವರಿಗೆ ಸಹಿ ಹಾಕಿದವರು ಯಾರು ಅಂತ ಜಾವಾ ಹುಡುಕುತ್ತಾ ಹೋಗಿದೆ. ತನಗೆ ಗೊತ್ತಿರುವ ಒಂದು ಹೆಸರೂ ಸಿಕ್ಕಿಲ್ಲ.

ಗೊತ್ತಿರುವವರ ಪಟ್ಟಿ ಜಾವಾ ಹತ್ತಿರ ತನ್ನದೇ ಇದೆ: ‘ಸಿಎಸರ್ಟ್ಸ್’ ಎಂಬ ಫೈಲ್. ಬ್ರೌಸರ್ ಯಾರನ್ನು ನಂಬುತ್ತದೆ ಅನ್ನುವುದು ಅದಕ್ಕೆ ಬೇಕಿಲ್ಲ. ಜಾವಾ ಹಳೆಯದಾದರೆ ಪಟ್ಟಿಯೂ ಹಳೆಯದೇ. ಸೈಟ್‌ಗಳಿಗೆ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸ್ವಂತ ರೂಟ್ ಸರ್ಟಿಫಿಕೇಟ್ (ಸಹಿಗಳ ಸರಪಳಿಯ ತುದಿಯಲ್ಲಿರುವುದು) ಜಾವಾ 8ಕ್ಕೆ ಬಂದಿದ್ದು ಅದರ 141ನೇ ಅಪ್‌ಡೇಟಿನಲ್ಲಿ. ಅದಕ್ಕಿಂತ ಹಿಂದಿನದನ್ನು ಓಡಿಸುತ್ತಿದ್ದರೆ ಮೊದಲು ಜಾವಾ ಬದಲಿಸಿ.

ಇನ್ನೊಂದು ಕಾರಣವೂ ಜಾಸ್ತಿ ಕಾಣುತ್ತದೆ. ತನ್ನ ಸರ್ಟಿಫಿಕೇಟಿಗೂ ರೂಟಿಗೂ ನಡುವೆ ಬರುವ ಸರ್ಟಿಫಿಕೇಟನ್ನು ಕಳಿಸಲು ಸರ್ವರ್ ಮರೆತಿರುತ್ತದೆ. ಎಷ್ಟೋ ಬ್ರೌಸರ್‌ಗಳು ಅದನ್ನು ತಾವೇ ಹುಡುಕಿ ತರುತ್ತವೆ, ಜಾವಾ ಮಾತ್ರ ನಾವು ಹೇಳದ ಹೊರತು ತರುವುದಿಲ್ಲ. ಇಲ್ಲಿ ರಿಪೇರಿ ಆಗಬೇಕಾದ್ದು ಸರ್ವರ್.

ಎಷ್ಟೋ ಜನ ಇದನ್ನೆಲ್ಲ ನೋಡದೆ, ಯಾವ ಸರ್ಟಿಫಿಕೇಟ್ ಬಂದರೂ ಸುಮ್ನೆ ಒಪ್ಪಿಕೊಳ್ಳುವ ಕೋಡ್ ಅಂಟಿಸಿಬಿಡುತ್ತಾರೆ. ದಯವಿಟ್ಟು ಬೇಡ. 2011ರಲ್ಲಿ ಸರ್ಟಿಫಿಕೇಟ್ ಕೊಡುತ್ತಿದ್ದ ನೆದರ್ಲೆಂಡ್ಸ್‌ನ ಡಿಜಿನೋಟರ್ ಕಂಪನಿಗೆ ಕಳ್ಳರು ನುಗ್ಗಿ ಗೂಗಲ್ ಹೆಸರಲ್ಲೇ ಸರ್ಟಿಫಿಕೇಟ್ ಮಾಡಿಸಿಕೊಂಡರು. ಅದನ್ನು ಇರಾನಿನ ಬಳಕೆದಾರರ ಮೇಲೆ ಪ್ರಯೋಗಿಸಿದರು. ವಿಷಯ ಗೊತ್ತಾದ ಮೇಲೆ ಬ್ರೌಸರ್‌ಗಳು ಆ ಕಂಪನಿಯ ಮೇಲಿನ ನಂಬಿಕೆಯನ್ನೇ ಕಿತ್ತುಹಾಕಿದವು. ಪಟ್ಟಿ ಅಂತ ಒಂದು ಇದ್ದಿದ್ದಕ್ಕೆ ತಾನೇ ಹೆಸರು ಹೊಡೆಯಲು ಆಗಿದ್ದು? ಎಲ್ಲರನ್ನೂ ಒಪ್ಪುವ ಕೋಡಿನಲ್ಲಿ ಹೊಡೆದುಹಾಕಲು ಹೆಸರೇ ಇರುವುದಿಲ್ಲ.

ಆಫೀಸಿನ ಒಳಗಿನ ಸರ್ವರ್‌ಗೆ ಆಫೀಸೇ ಸಹಿ ಹಾಕಿದ್ದರೆ ಮಾತ್ರ ಪಟ್ಟಿಗೆ ನಾವೇ ಸೇರಿಸಬೇಕು. ಆ ರೂಟ್ ಸರ್ಟಿಫಿಕೇಟನ್ನು ಅಡ್ಮಿನ್ ಹತ್ತಿರ ಇಸಿದುಕೊಳ್ಳಿ. ಅದರ ಫಿಂಗರ್‌ಪ್ರಿಂಟನ್ನು (ಸರ್ಟಿಫಿಕೇಟನ್ನು ಗುರುತಿಸುವ ಅಂಕಿ-ಅಕ್ಷರಗಳ ಸಾಲು) ಫೋನಿನಲ್ಲಿ ಓದಿಸಿ, ತಾಳೆ ನೋಡಿ. ಸಿಎಸರ್ಟ್ಸ್ ಫೈಲಿನ ಒಂದು ಕಾಪಿ ಮಾಡಿ, ಜಾವಾ ಜೊತೆಗೇ ಬರುವ ‘ಕೀಟೂಲ್’ನಿಂದ ಆ ಕಾಪಿಗೆ ಸೇರಿಸಿ. ಪಾಸ್‌ವರ್ಡ್ ಕೇಳಿದರೆ ಮೊದಲಿನಿಂದ ಇರುವುದು ‘ಚೇಂಜ್‌ಇಟ್’. ಮೂಲ ಫೈಲಿಗೇ ಸೇರಿಸಿದರೆ ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋಗಬಹುದು.

ಆಮೇಲೆ ಪ್ರೋಗ್ರಾಂ ಶುರು ಮಾಡುವಾಗ ಟ್ರಸ್ಟ್‌ಸ್ಟೋರ್ (ನಂಬುವವರ ಪಟ್ಟಿ) ಸೆಟ್ಟಿಂಗಿನಲ್ಲಿ ಈ ಕಾಪಿಯ ಜಾಗ ತಿಳಿಸಿ. ಹಾಗೆ ತಿಳಿಸಿದ ಮೇಲೆ ಜಾವಾ ತನ್ನ ಹಳೇ ಪಟ್ಟಿಯನ್ನು ತೆರೆಯುವುದೇ ಇಲ್ಲ. ಕಾಪಿ ಮಾಡದೆ ಆಫೀಸಿನ ಸರ್ಟಿಫಿಕೇಟ್ ಒಂದನ್ನೇ ಇಟ್ಟರೆ ಒಳಗಿನ ಸರ್ವರ್ ಸಿಗುತ್ತದೆ, ಹೊರಗಿನ ಪೇಮೆಂಟ್ ಗೇಟ್‌ವೇ ನಿಂತುಹೋಗುತ್ತದೆ.