ಎಐ ಕೊಟ್ಟ ಡಿಫ್ ಫೈಲಿಗೆ ಯಾಕೆ ಕೂರುವುದಿಲ್ಲ?

ಪ್ರಶ್ನೆ: ಒಂದು ಸಾಲು ಬದಲಿಸು ಅಂದರೆ ಎಐ ಇಡೀ ಫೈಲನ್ನೇ ಮತ್ತೆ ಬರೆಯುತ್ತದೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ನೋಡುವಂಥ ಡಿಫ್, ಅಂದರೆ ಏನು ಬದಲಾಯಿತು ಎಂಬುದನ್ನಷ್ಟೇ ತೋರಿಸುವ ಪಟ್ಟಿ, ಕೊಡು ಅಂತ ಕೇಳಿದರೆ ಸಾಕಲ್ವಾ?

ಕೇಳಬಹುದು, ಕೊಡುತ್ತದೆ ಕೂಡ. ಆದರೆ ಎಷ್ಟೋ ಸಲ ಪ್ಯಾಚ್ ಹಾಕಲು, ಅಂದರೆ ಆ ಬದಲಾವಣೆಯನ್ನು ಫೈಲಿಗೆ ಸೇರಿಸಲು, ಹೋದರೆ ಎರರ್ ಬರುತ್ತದೆ. ತೊಂದರೆ ಶುರುವಾಗುವುದು ಈ ಸಾಲಿನಲ್ಲಿ:

@@ -41,6 +41,8 @@

41ನೇ ಸಾಲಿನಿಂದ ಹಳೆಯ 6 ಸಾಲು, ಆ ಜಾಗದಲ್ಲಿ ಈಗ 8 ಸಾಲು ಎಂದು ಅರ್ಥ. ಡಿಫ್ ಪ್ರೋಗ್ರಾಂಗೆ ಇದು ಸಲೀಸು. ಎರಡೂ ಫೈಲ್ ಕೈಯಲ್ಲಿರುತ್ತವೆ, ಎಣಿಸಿ ಬರೆಯುತ್ತದೆ. ಎಐ ಮಾಡೆಲ್ ಹಾಗಲ್ಲ, ಒಂದೊಂದೇ ಟೋಕನ್ (ಪದ ಅಥವಾ ಪದದ ತುಣುಕು) ಬರೆಯುತ್ತಾ ಮುಂದೆ ಹೋಗುತ್ತದೆ. ಇನ್ನೂ ಬರೆಯದೇ ಇರುವ ಸಾಲುಗಳು ಎಷ್ಟಾಗುತ್ತವೆ ಎಂದು ಅದು ಮೊದಲೇ ಹೇಳಬೇಕು! ಪತ್ರ ಶುರು ಮಾಡುವ ಮುಂಚೆ ಎಷ್ಟು ಪದ ಆಗುತ್ತೆ ಹೇಳಿ ಅಂದರೆ ನಾವಾದರೂ ತಪ್ಪುತ್ತೇವೆ.

ಮಾಡೆಲ್‌ಗೆ ಎಣಿಸುವುದು ಕಷ್ಟ, ನೋಡಿ ಬರೆಯುವುದು ಸುಲಭ. ಅದಕ್ಕೇ ಎಐ ಕೈಯಲ್ಲಿ ಕೋಡ್ ತಿದ್ದಿಸುವ ಏಡರ್ ಎಂಬ ಟೂಲ್‌ನ ಸರ್ಚ್-ರಿಪ್ಲೇಸ್ ಬ್ಲಾಕ್‌ನಲ್ಲಿ ಸಂಖ್ಯೆಯೇ ಇಲ್ಲ. ಹಳೆಯ ಸಾಲುಗಳು ಇವು, ಇವುಗಳ ಬದಲು ಇವು, ಅಷ್ಟೇ. ಓಪನ್‌ಎಐನ ಪ್ಯಾಚ್ ರೂಪ ನೋಡಲು ಡಿಫ್ ಥರ ಇದ್ದರೂ ಅದರಲ್ಲೂ ಸಾಲಿನ ಸಂಖ್ಯೆ ಇಲ್ಲ. ಅಕ್ಕಪಕ್ಕದ ಸಾಲು, ಫಂಕ್ಷನ್ನಿನ ಹೆಸರು ನೋಡಿ ಜಾಗ ಹುಡುಕುತ್ತದೆ.

ಇಲ್ಲೊಂದು ತೊಡಕಿದೆ. ಬದಲಿಸಬೇಕಾದದ್ದು ‘ರಿಟರ್ನ್ ಫಾಲ್ಸ್’ ಎಂಬ ಸಾಲು, ಅದು ಫೈಲಿನಲ್ಲಿ 3 ಕಡೆ ಇದೆ ಅನ್ನಿ. ಟೂಲ್ ಸುಮ್ನೆ ಮೊದಲನೆಯದನ್ನು ಬದಲಿಸಿದರೆ ಬೇರೆ ಯಾವುದೋ ಫಂಕ್ಷನ್ ಕೆಡುತ್ತದೆ, ಯಾರಿಗೂ ತಕ್ಷಣ ಗೊತ್ತಾಗುವುದೂ ಇಲ್ಲ. ‘3 ಕಡೆ ಸಿಕ್ಕಿತು, ಮೇಲಿನ ಎರಡು ಸಾಲು ಸೇರಿಸಿ ಕೊಡು’ ಎಂದು ವಾಪಸ್ ಹೇಳಿದರೆ ಮಾಡೆಲ್ ಸಾಮಾನ್ಯವಾಗಿ ಮುಂದಿನ ಸಲ ಸರಿ ಮಾಡುತ್ತದೆ. ನನ್ನ ಲೆಕ್ಕದಲ್ಲಿ ಒಳ್ಳೆಯ ಫಾರ್ಮ್ಯಾಟಿನ ಅರ್ಧ ಕೆಲಸ ಈ ಎರರ್ ಮೆಸೇಜಿನದ್ದೇ. ಹಳೆಯ ಸಾಲು ಫೈಲಿನ ಸಾಲಿಗೆ ಹೆಚ್ಚುಕಮ್ಮಿ ಹೊಂದಿದರೆ ಸಾಕು ಅನ್ನುವ ಟೂಲ್‌ನ ಉದಾರತೆ ನನಗೆ ಹಿಡಿಸುವುದಿಲ್ಲ. ಪೈಥಾನ್‌ನಲ್ಲಂತೂ ಸಾಲಿನ ಮುಂದಿನ ಖಾಲಿ ಜಾಗ ಬದಲಾದರೆ ಅರ್ಥವೇ ಬದಲಾಗುತ್ತದೆ.

ಕೋಡನ್ನು ಜೇಸನ್ (ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ಒಂದು ಪಠ್ಯರೂಪ) ಒಳಗೆ ಕೇಳುವುದೂ ಅಷ್ಟು ಒಳ್ಳೆಯದಲ್ಲ. ಪ್ರತಿ ಡಬಲ್ ಕೋಟ್‌ಗೂ ಬ್ಯಾಕ್‌ಸ್ಲ್ಯಾಶ್ ಹಾಕುವುದರಲ್ಲೇ ಮಾಡೆಲ್‌ನ ಗಮನ ಹೋಗುತ್ತದೆ. ಏಡರ್‌ನವರು 2024ರಲ್ಲಿ ಪರೀಕ್ಷಿಸಿದಾಗ ಜೇಸನ್‌ನಲ್ಲಿ ಸುತ್ತಿಕೊಟ್ಟ ಕೋಡ್ ಕಳಪೆಯಾಗಿತ್ತು.

ಹಾಗಂತ ಇಡೀ ಫೈಲ್ ಬರೆಯುವುದು ತಪ್ಪೇನಲ್ಲ. 50 ಸಾಲಿನ ಫೈಲಿಗೆ ಅದೇ ಸರಳ. ಫೈಲ್ ದೊಡ್ಡದಾದರೆ ಟೋಕನ್ ಜಾಸ್ತಿ, ಸಮಯವೂ ಜಾಸ್ತಿ. ಕೆಲವು ಸಲ ಮಾಡೆಲ್ ನಡುವೆ ಸೋಮಾರಿಯಾಗಿ ‘ಉಳಿದ ಕೋಡ್ ಮೊದಲಿನಂತೆಯೇ’ ಎಂದು ಕಮೆಂಟ್ ಬರೆದುಬಿಡುತ್ತದೆ. ನೋಡದೆ ಸೇವ್ ಮಾಡಿದಿರೋ, ಆ ಕೋಡಿನ ಜಾಗದಲ್ಲಿ ಉಳಿಯುವುದು ಆ ಕಮೆಂಟ್ ಮಾತ್ರ.